ಆಟದ ಪೆಟ್ಟಿಗೆಯ ಕೋಲು ಕೆಟ್ಟಾಗ...

ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಯಿತೆಂದು ಯಾರೂ ಕುಕ್ಕರನ್ನೇ ಎಸೆಯುವುದಿಲ್ಲ. ಮಿಕ್ಸಿ ಜಾರಿನ ತಳದ ಕಪ್ಲರ್ ಸವೆದರೆ ಬೇರೆ ಹಾಕಿಸುತ್ತೇವೆ. ಹೊಲಿಗೆ ಯಂತ್ರದ ಬೆಲ್ಟು ತುಂಡಾದರೂ ಅಷ್ಟೆ. ಆದರೆ ಟೀವಿಗೆ ಜೋಡಿಸಿ ಆಡುವ ಆಟದ ಪೆಟ್ಟಿಗೆಯ ಕೋಲು ಕೈಕೊಟ್ಟರೆ ಮಾತ್ರ, "ಹೋಯ್ತು ಬಿಡು, ಇನ್ನೊಂದು ತಂದರಾಯ್ತು" ಅಂತ ಇಡೀ ಪೆಟ್ಟಿಗೆಯನ್ನೇ ಅಟ್ಟಕ್ಕೆ ಸಾಗಿಸುವುದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಆ ಕೋಲು ಬಿಡಿಯಾಗಿ ಸಿಗುತ್ತದೆ, ಅದನ್ನು ಬದಲಿಸಲು ಒಂದು ಸ್ಕ್ರೂ ಡ್ರೈವರ್ ಮತ್ತು ಒಂದು ಮಧ್ಯಾಹ್ನ ಸಾಕು ಎಂಬ ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ.

ಇದು ಯಾವ ಪೆಟ್ಟಿಗೆ ಎಂದು ಕೇಳುವ ಸೋದರಿಯರಿಗಾಗಿ ಒಂದು ಮಾತು. ಹಾರ್ಮೋನಿಯಮ್ಮಿನಷ್ಟು ಅಗಲದ, ಮರದ್ದೋ ತಗಡಿನದ್ದೋ ಒಂದು ಪೆಟ್ಟಿಗೆ. ಮೇಲೆ ಎರಡು ಕೋಲು, ಒಂದೊಂದು ಕೋಲಿನ ಪಕ್ಕದಲ್ಲೂ ಆರೋ ಎಂಟೋ ಬಣ್ಣದ ಗುಂಡಿಗಳು. ಹಿಂದಿನಿಂದ ಒಂದು ವೈರು ಟೀವಿಗೆ ಹೋಗುತ್ತದೆ. ಹಿಂದೆ ಪೇಟೆಯ ವಿಡಿಯೋ ಗೇಮ್ ಪಾರ್ಲರುಗಳಲ್ಲಿ ಬೀರುವಿನಷ್ಟೆತ್ತರದ ಯಂತ್ರಗಳಿರುತ್ತಿದ್ದವಲ್ಲ, ಅವುಗಳ ಆಟವನ್ನೆಲ್ಲ ಈಗ ಈ ಪೆಟ್ಟಿಗೆಯೊಳಗೆ ತುಂಬಿ ಮಾರುತ್ತಾರೆ. ಹೀಗೆ ತುಂಬಿದ ಸಾವಿರಾರು ಆಟಗಳಿಗೆಲ್ಲ ಮೂಲದ ಕಂಪೆನಿಯವರ ಅನುಮತಿ ಇರುತ್ತದೆಂದು ನಂಬುವ ಹಾಗಿಲ್ಲ. ಅದು ಬೇರೆಯೇ ವಿಚಾರ, ಆದರೂ ಕೊಳ್ಳುವವರಿಗೆ ತಿಳಿದಿರಲಿ.

ಮಕ್ಕಳ ಹೆಸರು ಹೇಳಿ ಇದನ್ನು ಮನೆಗೆ ತರುವವರು ಸಾಮಾನ್ಯವಾಗಿ ಅಪ್ಪಂದಿರು! ತೊಂಬತ್ತರ ದಶಕದಲ್ಲಿ ಹೈಸ್ಕೂಲಿನಲ್ಲಿದ್ದ ಹುಡುಗರಿಗೆ ಪಾರ್ಲರ್ ಅಂದರೆ ಊಟ ಬೇಡ, ನಿದ್ದೆ ಬೇಡ. ಹುಡುಗಿಯರು ಅತ್ತ ತಲೆ ಹಾಕುವಂತಿರಲಿಲ್ಲ. 1993ರಲ್ಲಿ ಜಪಾನಿನ ಕ್ಯಾಪ್ಕಾಂ ಕಂಪೆನಿ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಎಂಬ ಆಟ ಹೊರತಂದಿತು. ಅಷ್ಟುದ್ದದ ಹೆಸರು ನಮ್ಮ ದೇಶದ ಹುಡುಗರ ನಾಲಿಗೆಗೆ ಒಗ್ಗಲಿಲ್ಲ. ಅದರಲ್ಲಿ ಹಳದಿ ಟೋಪಿಯ ಮುಸ್ತಫಾ ಎಂಬ ಪಾತ್ರ ಇತ್ತು, ಅಷ್ಟು ಸಾಕಾಯಿತು, 'ಮುಸ್ತಫಾ ಗೇಮ್' ಎಂದೇ ಊರೂರಲ್ಲಿ ಹೆಸರಾಯಿತು. ಆ ಹುಡುಗರಿಗೆಲ್ಲ ಈಗ ನಲವತ್ತು ದಾಟಿದೆ. ನಮ್ಮ ಮನೆಗೂ ಈ ಪೆಟ್ಟಿಗೆ ಬಂದದ್ದು ಮಗನ ಹುಟ್ಟುಹಬ್ಬದ ನೆಪದಲ್ಲಿ, ನಮ್ಮವರ ಆಸೆಗೆ.

ಆದರೆ ಕೊನೆಗೆ ಅದಕ್ಕೆ ಅಂಟಿಕೊಂಡವರು ಯಾರು ಗೊತ್ತೆ? ನಮ್ಮ ಅತ್ತೆ! ಎಪ್ಪತ್ತು ದಾಟಿದವರು. ಸಂಜೆ ದೀಪ ಹಚ್ಚಿ, ಎರಡು ಹಾಡು ಹೇಳಿಕೊಂಡು, ಆಮೇಲೆ ಮೊಮ್ಮಗನ ಪಕ್ಕ ಚಾಪೆ ಮೇಲೆ ಕೂತರೆ 'ಪ್ಯಾಕ್‌ಮ್ಯಾನ್' ಆಡುತ್ತಾರೆ. ಹಳದಿ ಗುಂಡು ಬಾಯಿ ತೆರೆದು ಚುಕ್ಕೆಗಳನ್ನು ನುಂಗುತ್ತಾ ಓಡುವ ಆಟ ಅದು. ಅವರು ಅದಕ್ಕೆ ಇಟ್ಟ ಹೆಸರು 'ಹೊಟ್ಟೆಬಾಕ'. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದಿತ್ತು. ಕಟ್ಟು ಬಿಚ್ಚಿದ ಮೇಲೂ ಕೈಗೆ ಮೊದಲಿನ ಬಲ ಬರಲಿಲ್ಲ. ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಬೇರೆ ಮಾಡುತ್ತಾರೆ, ಅದಕ್ಕೆ ಇದು ಬದಲಲ್ಲ. ಆದರೆ ಮನಸ್ಸಿಗೆ ಈ ಆಟ ಬೇಕು. ಇತ್ತ ಮೊಮ್ಮಗ ಜೂನಿನಲ್ಲಿ ಕಾಲೇಜಿಗೆಂದು ಹಾಸ್ಟೆಲ್ಲಿಗೆ ಹೊರಟಿದ್ದ. ಇರುವ ಮೂರು ತಿಂಗಳಲ್ಲಿ ಕೋಲು ಬಲಕ್ಕೆ ಹೋಗುವುದನ್ನೇ ನಿಲ್ಲಿಸಿತು.

ಪೇಟೆಯ ಅಂಗಡಿಯವನನ್ನು ಕೇಳಿದರೆ, "ಅಮ್ಮಾ, ಇದಕ್ಕೆಲ್ಲ ಸ್ಪೇರ್ ಬರಲ್ಲ. ಹೊಸ ಬಾಕ್ಸೇ ತಗೊಳ್ಳಿ, ಹಳೇದಕ್ಕೆ ಏನೋ ಒಂದಿಷ್ಟು ಕಳೀತೀನಿ" ಅಂದ. ಸ್ಪೇರ್ ಬರುತ್ತದೆ. ಚೆನ್ನಾಗಿಯೇ ಬರುತ್ತದೆ. ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿರುವ ನನ್ನ ತಮ್ಮ ಊರಿಗೆ ಬಂದಾಗ ಕೂತು ಎಲ್ಲ ಬಿಚ್ಚಿ ತೋರಿಸಿದ. ಆಮೇಲೆ ನಾನೂ ಓದಿ, ವಿಚಾರಿಸಿ ತಿಳಿದುಕೊಂಡದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ.

ಕೋಲಿನ ಒಳಗೇನಿದೆ?

ಜಾಯ್‌ಸ್ಟಿಕ್ ಎಂಬ ಹೆಸರು ಮೊದಲು ಬಂದದ್ದು ವಿಮಾನದಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೈಲಟ್ಟುಗಳು ವಿಮಾನವನ್ನು ವಾಲಿಸಲು ಹಿಡಿಯುತ್ತಿದ್ದ ಕೋಲಿಗೆ ಹಾಗೆನ್ನುತ್ತಿದ್ದರು. ಹೆಸರು ದೊಡ್ಡದಾದರೂ ಆಟದ ಪೆಟ್ಟಿಗೆಯ ಕೋಲಿನೊಳಗೆ ಅಂಥ ಮಾಯೆಯೇನೂ ಇಲ್ಲ. ನಡುವೆ ಒಂದು ಉಕ್ಕಿನ ಕಡ್ಡಿ. ಅದರ ತಲೆಗೆ ಗುಂಡು. ಕೆಳಗೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುವ ಒಂದು ಸ್ಪ್ರಿಂಗು. ತಳದ ಸುತ್ತ ನಾಲ್ಕು ಪುಟ್ಟ ಸ್ವಿಚ್ಚುಗಳು. ಇವಕ್ಕೆ ಮೈಕ್ರೋಸ್ವಿಚ್ ಎನ್ನುತ್ತಾರೆ. ಕೋಲು ವಾಲಿದಾಗ ಕಡ್ಡಿಯ ತಳ ಹೋಗಿ ಒಂದು ಸ್ವಿಚ್ಚನ್ನು ಒತ್ತುತ್ತದೆ, 'ಟಿಕ್' ಅನ್ನುತ್ತದೆ, ಆಟದ ಬೊಂಬೆ ಅತ್ತ ಹೋಗುತ್ತದೆ. ಮೂಲೆಗೆ ವಾಲಿಸಿದರೆ ಎರಡು ಸ್ವಿಚ್ಚು ಒಟ್ಟಿಗೆ ಒತ್ತಿಕೊಳ್ಳುತ್ತವೆ. ನಾಲ್ಕು ಸ್ವಿಚ್ಚಿನಲ್ಲಿ ಎಂಟು ದಿಕ್ಕು ಸಿಗುವುದು ಹೀಗೆ.

ಇಲ್ಲಿ ಒಂದು ಸ್ವಾರಸ್ಯ ನೋಡಿ. ಏತದ ಹಾಗೆ ಮೇಲಿನ ತುದಿ ಬಲಕ್ಕೆ ಹೋದರೆ ಕೆಳಗಿನ ತುದಿ ಎಡಕ್ಕೆ ಹೋಗುತ್ತದೆ. ಹೀಗಾಗಿ ಬಲದ ದಿಕ್ಕು ಕೆಲಸ ಮಾಡದಿದ್ದರೆ ಕೆಟ್ಟಿರುವುದು ಎಡಗಡೆಯ ಸ್ವಿಚ್ಚು! ಪೆಟ್ಟಿಗೆಯನ್ನು ಮಗುಚಿ ನೋಡುವಾಗ ಎಡಬಲ ಇನ್ನೊಮ್ಮೆ ಅದಲುಬದಲಾಗುವುದರಿಂದ ತಲೆ ಕೆಡಿಸಿಕೊಳ್ಳದೆ ಒಂದು ಕೈಯಲ್ಲಿ ಕೋಲನ್ನು ಆ ದಿಕ್ಕಿಗೆ ವಾಲಿಸಿ, ಯಾವುದು ಒತ್ತಿಕೊಳ್ಳುತ್ತದೆಂದು ಕಣ್ಣಲ್ಲೇ ನೋಡಿಬಿಡುವುದು ಮೇಲು.

ನಿಜವಾಗಿ ಕೋಲೇ ಕೆಟ್ಟಿದೆಯೆ?

ದುಡ್ಡು ಬಿಚ್ಚುವ ಮೊದಲು ಇದನ್ನು ತಿಳಿಯಬೇಕು. ಹೆಚ್ಚಿನ ಪೆಟ್ಟಿಗೆಗಳಲ್ಲಿ ಎರಡು ಕೋಲು ಇರುತ್ತವಲ್ಲ, ಅದೇ ದೊಡ್ಡ ಅನುಕೂಲ. ಬಲ್ಬು ಹತ್ತದಿದ್ದರೆ ಪಕ್ಕದ ಹೋಲ್ಡರಿಗೆ ಹಾಕಿ ನೋಡುವುದಿಲ್ಲವೆ? ಹಾಗೆಯೇ ಪ್ಲಗ್ಗು ಕಿತ್ತು, ಪೆಟ್ಟಿಗೆಯ ತಳದ ಸ್ಕ್ರೂ ಬಿಚ್ಚಿ, ಕೆಟ್ಟ ಕೋಲಿನ ವೈರನ್ನು ಒಳ್ಳೆಯ ಕೋಲಿಗೂ ಒಳ್ಳೆಯದರ ವೈರನ್ನು ಕೆಟ್ಟದ್ದಕ್ಕೂ ಸಿಕ್ಕಿಸಿ. ತೊಂದರೆ ಕೋಲಿನ ಜೊತೆಯಲ್ಲೇ ಪಕ್ಕದ ಆಟಗಾರನ ಕಡೆಗೆ ಹೋದರೆ ಕೋಲು ಕೆಟ್ಟಿದೆ. ತೊಂದರೆ ಇದ್ದಲ್ಲೇ ಇದ್ದರೆ ವೈರು ಅಥವಾ ಒಳಗಿನ ಬೋರ್ಡು ಕೆಟ್ಟಿದೆ, ಹೊಸ ಕೋಲು ತಂದರೂ ಪ್ರಯೋಜನವಿಲ್ಲ. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ.

ನಾಲ್ಕೂ ದಿಕ್ಕು ಒಮ್ಮೆಗೇ ಸತ್ತಿದ್ದರೆ ಹೆಚ್ಚಾಗಿ ವೈರು ಕಳಚಿರುತ್ತದೆ. ನಾಲ್ಕು ಸ್ವಿಚ್ಚಿಗೂ ಸೇರಿ ಒಂದು ವೈರು ಇರುತ್ತದೆ, ಅದು ಬಿಟ್ಟರೆ ಎಲ್ಲವೂ ಹೋಗುತ್ತವೆ. ಮತ್ತೆ ಒತ್ತಿ ಕೂರಿಸಿದರೆ ಸರಿಹೋದೀತು. ಯಾರೂ ಮುಟ್ಟದೆಯೇ ಬೊಂಬೆ ಒಂದೇ ಕಡೆ ಓಡುತ್ತಿದ್ದರೆ ಸ್ವಿಚ್ಚು ಅಂಟಿಕೊಂಡಿದೆ, ಅಥವಾ ಒಳಗೆ ಏನಾದರೂ ಸಿಕ್ಕಿಕೊಂಡಿದೆ. ಚಕ್ಕುಲಿ ಚೂರು, ಕಡಲೆಪುರಿ, ಪೆನ್ಸಿಲ್ ಸಿಪ್ಪೆ ಇಂಥವು. ನಮ್ಮ ಪೆಟ್ಟಿಗೆಯಿಂದ ಒಂದು ಕಿವಿಯೋಲೆಯ ತಿರುಪು ಸಿಕ್ಕಿತು, ಅದು ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ!

ತಲೆಯ ಗುಂಡು ಮಾತ್ರ ಸಡಿಲವಾಗಿ ತಿರುಗುತ್ತಿದ್ದರೆ ಏನೂ ಕೊಳ್ಳಬೇಕಾಗಿಲ್ಲ. ಕಡ್ಡಿಯ ಕೆಳತುದಿಯಲ್ಲಿ ಸ್ಕ್ರೂವಿಗೆ ಇರುವಂಥದೇ ಒಂದು ಗೀರು ಇರುತ್ತದೆ. ಅದಕ್ಕೆ ಚಪ್ಪಟೆ ಸ್ಕ್ರೂ ಡ್ರೈವರ್ ಕೊಟ್ಟು ಅಲುಗಾಡದಂತೆ ಹಿಡಿದು, ಮೇಲಿನ ಗುಂಡನ್ನು ಪ್ರದಕ್ಷಿಣೆಯಾಗಿ ತಿರುಗಿಸಿ ಬಿಗಿ ಮಾಡಿ. ಕೋಲು ನೆಟ್ಟಗೆ ನಿಲ್ಲದೆ ಸೋತ ಕೊರಳಿನ ಹಾಗೆ ವಾಲಿದರೆ ಸ್ಪ್ರಿಂಗು ಹೋಗಿದೆ ಎಂದರ್ಥ. ಸ್ಪ್ರಿಂಗು ಬೇರೆಯಾಗಿಯೂ ಸಿಗುತ್ತದೆ.

ಒಂದೇ ದಿಕ್ಕು ಸತ್ತಿದ್ದರೆ ಸ್ವಿಚ್ಚಿನ ಕತೆ. ಇದರಲ್ಲಿ ಎರಡು ಬಗೆ. ಕೆಲವು ಕೋಲುಗಳಲ್ಲಿ ನಾಲ್ಕು ಸ್ವಿಚ್ಚೂ ಬಿಡಿಬಿಡಿ, ಒಂದೊಂದಕ್ಕೂ ಬೇರೆ ವೈರು. ಕೆಟ್ಟ ಒಂದನ್ನು ಮಾತ್ರ ಬದಲಿಸಬಹುದು. ಇನ್ನು ಕೆಲವದರಲ್ಲಿ ನಾಲ್ಕನ್ನೂ ಒಂದು ಹಸಿರು ಹಲಗೆಗೆ ಬೆಸುಗೆ ಹಾಕಿರುತ್ತಾರೆ, ಅಲ್ಲಿಂದ ಐದು ವೈರಿನ ಒಂದೇ ಸಾಲು ಹೊರಡುತ್ತದೆ. ಅದಾದರೆ ಹಲಗೆಯನ್ನೇ ಬದಲಿಸಬೇಕು, ಇಲ್ಲವೇ ರೇಡಿಯೋ ರಿಪೇರಿಯವರಿಂದ ಒಂದು ಸ್ವಿಚ್ಚು ಬೆಸೆಯಿಸಬೇಕು. ಅಗ್ಗದ ಕೋಲಿನಲ್ಲಿ ಕಡ್ಡಿಯೂ ಸವೆದು, ಪ್ಲಾಸ್ಟಿಕ್ಕೂ ಬಿರುಕು ಬಿಟ್ಟಿದ್ದರೆ ಇಷ್ಟೆಲ್ಲ ಒದ್ದಾಡುವುದಕ್ಕಿಂತ ಹೊಸ ಕೋಲೇ ಲೇಸು. ನಮ್ಮದು ಹಾಗಾಗಿತ್ತು.

ಯಾವ ಕೋಲು ಒಳ್ಳೆಯದು?

ಅಂಗಡಿಯಲ್ಲಿ ಕೇಳಿದರೆ 'ಎಲ್ಲಾ ಒಂದೇ ಮೇಡಂ' ಅಂತಾರೆ. ಒಂದೇ ಅಲ್ಲ. ಅಕ್ಕಿಯಲ್ಲಿ ಸೋನಾ ಮಸೂರಿಗೂ ಇಡ್ಲಿ ಅಕ್ಕಿಗೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟು ಇದೆ.

ಜಪಾನಿನ ಸಾನ್ವಾ ಎಂಬ ಕಂಪೆನಿಯ ಜೆ.ಎಲ್.ಎಫ್. ಎನ್ನುವ ಕೋಲು ಜಗತ್ತಿನಲ್ಲೆಲ್ಲ ಬಳಕೆಯಲ್ಲಿದೆ. ಅದರ ತಲೆಯ ಗುಂಡು 35 ಮಿಲಿಮೀಟರ್ ಅಗಲ, ಅಂದರೆ ಒಂದು ಚಿಕ್ಕ ನಿಂಬೆಹಣ್ಣಿನಷ್ಟು. ಸ್ಪ್ರಿಂಗು ಮೃದು. ಎರಡು ಬೆರಳಲ್ಲಿ ತಳ್ಳಿದರೂ ಹೋಗುತ್ತದೆ. ಒಳಗಿನ ಸ್ವಿಚ್ಚು ಹಲಗೆಗೆ ಬೆಸೆದ ಜಾತಿಯವು, ಹಲಗೆ ಬೇರೆ ಸಿಗುತ್ತದೆ. ಅದೇ ಜಪಾನಿನ ಸೇಮಿತ್ಸು ಕಂಪೆನಿಯ ಎಲ್.ಎಸ್. 32 ಎಂಬುದು ಇನ್ನೊಂದು. ಇದು ಸ್ವಲ್ಪ ಬಿಗಿ, ಕಡಿಮೆ ವಾಲಿದರೂ ಟಿಕ್ ಅನ್ನುತ್ತದೆ. ವಿಮಾನದಿಂದ ಗುಂಡು ಹಾರಿಸುವಂಥ ಆಟ ಆಡುವವರಿಗೆ ಇದು ಪ್ರಿಯ. ಎರಡರ ಗುಂಡುಗಳೂ ಒಂದಕ್ಕೊಂದು ಹೊಂದುತ್ತವೆ, ಬೇಕಾದ ಬಣ್ಣ ಹಾಕಿಕೊಳ್ಳಬಹುದು.

ಅಮೆರಿಕದ ಕಡೆಯ ಯಂತ್ರಗಳಲ್ಲಿ ಹ್ಯಾಪ್ ಎಂಬ ಹೆಸರಿನ ಕೋಲು ನಡೆಯುತ್ತಿತ್ತು. ಅದಕ್ಕೆ ಗುಂಡಿಲ್ಲ, ಬುಡ ಸಣ್ಣ ತುದಿ ದಪ್ಪವಾಗಿ ಉದ್ದ ಬದನೆಕಾಯಿಯನ್ನು ತಲೆಕೆಳಗು ನಿಲ್ಲಿಸಿದ ಹಾಗಿರುತ್ತದೆ. ಇಡೀ ಮುಷ್ಟಿಯಲ್ಲಿ ಹಿಡಿದು ತಳ್ಳಬೇಕು, ಬಿಗಿಯೂ ಹೆಚ್ಚು. ಸ್ವಿಚ್ಚುಗಳು ಬಿಡಿಬಿಡಿ. ಗಟ್ಟಿಮುಟ್ಟು, ಪುಂಡ ಹುಡುಗರಿರುವ ಮನೆಗೆ ಅದೇ ಸರಿ. ಕೊರಿಯಾದವರದು ಇನ್ನೂ ಬೇರೆ ದಾರಿ. ಅವರ ಕೋಲಿನಲ್ಲಿ ಸ್ಪ್ರಿಂಗಿನ ಬದಲು ದಪ್ಪ ರಬ್ಬರಿನ ಬಳೆ ಇರುತ್ತದೆ. ಬಿಟ್ಟ ಕೂಡಲೇ ರಪ್ಪನೆ ನಡುವಿಗೆ ಬಂದು ನಿಲ್ಲುತ್ತದೆ. 'ಟೆಕ್ಕನ್' ಎಂಬ ಹೊಡೆದಾಟದ ಆಟದಲ್ಲಿ ಹೆಸರು ಮಾಡಿದ ಕೊರಿಯಾದ ಆಟಗಾರರು ಇಂಥದನ್ನೇ ನೆಚ್ಚಿದವರು.

ಇವಲ್ಲದೆ ಚೀನಾದಿಂದ ಬರುವ ಅಗ್ಗದ ಕೋಲುಗಳು. ಪೆಟ್ಟಿಗೆಯ ಜೊತೆ ಬರುವುದು ಸಾಮಾನ್ಯವಾಗಿ ಇವೇ. ಕೆಲವು ನೂರು ರೂಪಾಯಿಗೆ ಸಿಗುತ್ತವೆ, ಜಪಾನಿನದಕ್ಕೆ ಸಾವಿರಗಳ ಲೆಕ್ಕ. ವಾರಕ್ಕೊಮ್ಮೆ ನೆಂಟರ ಮಕ್ಕಳು ಬಂದಾಗ ಆಡುವ ಮನೆಯಾದರೆ ಅಗ್ಗದ್ದೇ ಸಾಕು ಎಂದು ನನ್ನ ಅಭಿಪ್ರಾಯ. ದಿನಾ ಆಡುವವರಿದ್ದರೆ ಸಾಲದು. ಇನ್ನೊಂದು ಎಚ್ಚರಿಕೆ: ಜೆ.ಎಲ್.ಎಫ್. ಅನ್ನು ನೋಡಿ ಮಾಡಿದ ನಕಲುಗಳು ಬಹಳ. ಹೊರನೋಟಕ್ಕೆ ಅವಳಿಜವಳಿ. ನಕಲನ್ನು ನಕಲು ಎಂದೇ ಹೇಳಿ ಕಡಿಮೆ ಬೆಲೆಗೆ ಕೊಟ್ಟರೆ ಕೊಳ್ಳಿ, ತಪ್ಪೇನಿಲ್ಲ. ಅಸಲಿನ ಬೆಲೆಗೆ ನಕಲು ಕಟ್ಟಿಸಿಕೊಳ್ಳಬೇಡಿ. ಮೈಮೇಲೆ ಕಂಪೆನಿಯ ಹೆಸರು ಅಚ್ಚಾಗಿದೆಯೇ ನೋಡಿ, ಬಿಲ್ಲು ಕೇಳಿ.

ನಮ್ಮ ಮನೆಯಲ್ಲಿ ಆಯ್ಕೆಗೆ ಅತ್ತೆಯ ಮಣಿಕಟ್ಟೇ ತೀರ್ಪು ಕೊಟ್ಟಿತು. ಮಗನಿಗೆ ಬಿಗಿ ಕೋಲು ಇಷ್ಟ. "ಅಜ್ಜಿ, ಟೈಟಾಗಿದ್ರೆ ಕಂಟ್ರೋಲ್ ಚೆನ್ನಾಗಿರತ್ತೆ" ಅಂದ. "ನಿಂಗಪ್ಪಾ ಕಂಟ್ರೋಲು, ನಂಗೆ ಕೈನೋವು" ಅಂದರು ಅವರು. ಬಲ ಹಾಕದೆ ಆಡುವಂತಿರಬೇಕು, ಮುಷ್ಟಿ ಕಟ್ಟುವಂತಿರಬಾರದು. ಬೀಸುವ ಕಲ್ಲಿನ ಗೂಟ ಹಿಡಿದು ಬೆಳೆದ ಕೈ, ಮೇಲಿಂದ ಅಂಗೈ ಇಟ್ಟು ಹಿಡಿಯುವ ರೂಢಿ. ಅದಕ್ಕೆ ಗುಂಡುತಲೆಯ ಮೃದು ಕೋಲೇ ಒಪ್ಪಿತು. ವಯಸ್ಸಾದವರೋ ಆರೇಳು ವರ್ಷದ ಮಕ್ಕಳೋ ಆಡುವ ಮನೆಯಲ್ಲಿ ಮೊದಲು ನೋಡಬೇಕಾದದ್ದು ಸ್ಪ್ರಿಂಗಿನ ಬಿಗಿ. ಮಗನಿಗೆ ಇನ್ನೊಂದು ಬದಿಗೆ ಅವನಿಗೆ ಬೇಕಾದದ್ದು ಹಾಕಿದೆವು. ಎರಡೂ ಕೋಲು ಒಂದೇ ಥರ ಇರಬೇಕೆಂದು ಕಾನೂನೇನೂ ಇಲ್ಲವಲ್ಲ.

ನಾಲ್ಕು ದಿಕ್ಕೋ, ಎಂಟು ದಿಕ್ಕೋ?

ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ಕೋಲಿನ ತಳದಲ್ಲಿ ನಡುವೆ ತೂತಿರುವ ಒಂದು ಪ್ಲಾಸ್ಟಿಕ್ ತಟ್ಟೆ ಇರುತ್ತದೆ. ಕಡ್ಡಿ ಎಲ್ಲಿಯವರೆಗೆ ವಾಲಬಹುದು ಎಂಬ ಎಲ್ಲೆ ಅದು. ಗೇಟು ಅಂತ ಕರೆಯುತ್ತಾರೆ. ಆ ತೂತು ಚೌಕಾಬಾರದ ಮನೆಯಂತೆ ಚೌಕವಾಗಿದ್ದರೆ ನಾಲ್ಕು ಮೂಲೆಗಳೂ ಕೈಗೆ ಸ್ಪಷ್ಟವಾಗಿ ಸಿಗುತ್ತವೆ. ಎಂಟು ಮೂಲೆಯದಾದರೆ ಎಂಟು ದಿಕ್ಕಿನಲ್ಲೂ ಸಣ್ಣ ತಡೆ ಗೊತ್ತಾಗುತ್ತದೆ, ಹೊಸಬರಿಗೆ ಹಿತ. ದುಂಡಗಿದ್ದರೆ ಎಲ್ಲೂ ತಡೆಯಿಲ್ಲದೆ ಸುತ್ತುತ್ತದೆ.

1991ರ 'ಸ್ಟ್ರೀಟ್ ಫೈಟರ್ 2', ನಮ್ಮವರ ಮುಸ್ತಫಾ, ಇವಕ್ಕೆಲ್ಲ ಎಂಟು ದಿಕ್ಕು ಬೇಕೇ ಬೇಕು. ಆದರೆ 1980ರ ಪ್ಯಾಕ್‌ಮ್ಯಾನ್, 1981ರ 'ಡಾಂಕಿ ಕಾಂಗ್' ನಾಲ್ಕೇ ದಿಕ್ಕಿಗೆಂದು ಮಾಡಿದ ಆಟಗಳು. ಎಂಟು ದಿಕ್ಕಿನ ಕೋಲಿನಲ್ಲಿ ಪ್ಯಾಕ್‌ಮ್ಯಾನ್ ಆಡಿದರೆ ಕೈ ಸ್ವಲ್ಪ ಓರೆಯಾದರೂ ಎರಡು ಸ್ವಿಚ್ಚು ಒಟ್ಟಿಗೆ ಒತ್ತಿ, ಹೊಟ್ಟೆಬಾಕ ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಭೂತದ ಬಾಯಿಗೆ ಬೀಳುತ್ತಾನೆ. ಅತ್ತೆ "ನಾನು ತಿರುಗಿಸಿದೆ ಕಣೋ, ಅದೇ ತಿರುಗಲಿಲ್ಲ" ಎನ್ನುತ್ತಿದ್ದುದು, ಮಗ ನಗುತ್ತಿದ್ದುದು ಎಷ್ಟೋ ದಿನ ನಡೆದಿತ್ತು. ಅವರು ಹೇಳುತ್ತಿದ್ದುದು ಸತ್ಯವೇ! ಸಾನ್ವಾದ ಚೌಕ ಗೇಟನ್ನು ಬಿಚ್ಚಿ 45 ಡಿಗ್ರಿ ತಿರುಗಿಸಿ ಕೂರಿಸಿದರೆ ಚೌಕ ಹೋಗಿ ವಜ್ರದಾಕಾರವಾಗುತ್ತದೆ, ಕೋಲು ಮೂಲೆಗೆ ಹೋಗುವುದಕ್ಕೇ ಬಿಡುವುದಿಲ್ಲ. ನಾಲ್ಕೇ ದಿಕ್ಕು. ಅತ್ತೆಯ ಕಡೆಯ ಕೋಲಿಗೆ ಹಾಗೆ ಮಾಡಿದ ದಿನದಿಂದ ಅವರ ಅಂಕ ಏರಿದ್ದು ನೋಡಿದರೆ ನಂಬಲಿಕ್ಕಿಲ್ಲ. ಕೊಳ್ಳುವಾಗ ಗೇಟು ಹೀಗೆ ತಿರುಗಿಸಲು ಬರುತ್ತದೆಯೇ ಎಂದು ಕೇಳಿ.

ಪ್ಯಾಕ್‌ಮ್ಯಾನ್ ಮಾತು ಬಂದಿತು, ಒಂದು ಸಂಗತಿ ಹೇಳಿಬಿಡುತ್ತೇನೆ. ಅದನ್ನು ರೂಪಿಸಿದವರು ಜಪಾನಿನ ನಾಮ್ಕೊ ಕಂಪೆನಿಯ ತೋರು ಇವಾತಾನಿ. ಆಗಿನ ಪಾರ್ಲರುಗಳಲ್ಲಿ ಬರೀ ಹೊಡೆಯುವ ಕೊಲ್ಲುವ ಆಟ, ಬರೀ ಗಂಡಸರ ಗುಂಪು. ಹೆಂಗಸರೂ ಬಂದು ಆಡುವಂಥದು ಬೇಕೆಂದು ಯೋಚಿಸಿ, ತಿನ್ನುವ ವಿಷಯ ಹಿಡಿದು ಆ ಆಟ ಮಾಡಿದರಂತೆ. ಬಾಯಿ ಪಚಪಚ ಆಡಿಸುವುದಕ್ಕೆ ಅವರ ಭಾಷೆಯಲ್ಲಿ 'ಪಾಕು ಪಾಕು' ಎನ್ನುತ್ತಾರೆ, ಹೆಸರು ಅದರಿಂದ ಬಂತು. ತಿನ್ನುವುದೆಂದರೆ ಹೆಂಗಸರಿಗೆ ಇಷ್ಟ ಎಂಬ ಲೆಕ್ಕ ನನಗೇನೂ ಪೂರ್ತಿ ಒಪ್ಪಿಗೆಯಿಲ್ಲ, ಮಾಡಿ ಬಡಿಸುವವರು ನಾವು, ತಿನ್ನುವವರು ಬೇರೆ! ಆದರೂ ನಮ್ಮನ್ನು ನೆನೆದು ಒಂದು ಆಟ ಹುಟ್ಟಿತಲ್ಲ, ಅದು ಸಂತೋಷ. 1982ರಲ್ಲಿ ತಲೆಗೆ ರಿಬ್ಬನ್ ಕಟ್ಟಿದ 'ಮಿಸ್ ಪ್ಯಾಕ್‌ಮ್ಯಾನ್' ಕೂಡ ಬಂದಳು.

ಅಳತೆ ತೆಗೆದುಕೊಳ್ಳದೆ ಹೋಗಬೇಡಿ

ರವಿಕೆ ಹೊಲಿಯಲು ಕೊಡುವಾಗ ಅಳತೆ ರವಿಕೆ ಒಯ್ಯುವ ಹಾಗೆ, ಅಂಗಡಿಗೆ ಹೋಗುವಾಗ ಹಳೆಯ ಕೋಲನ್ನೇ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಹೋಗಿ. ಆನ್‌ಲೈನಿನಲ್ಲಿ ತರಿಸುವುದಾದರೆ ಸ್ಕೇಲು ಹಿಡಿದು ಬರೆದಿಟ್ಟುಕೊಳ್ಳಿ. ತಗಡಿನ ತಟ್ಟೆಯಲ್ಲಿರುವ ನಾಲ್ಕು ಸ್ಕ್ರೂ ತೂತುಗಳ ನಡುವಿನ ಅಂತರ, ಉದ್ದಕ್ಕೂ ಅಡ್ಡಕ್ಕೂ. ಆಮೇಲೆ ಪೆಟ್ಟಿಗೆಯ ಒಳಗಿನ ಆಳ: ಕೋಲಿನ ಕೆಳಭಾಗ ತಳಕ್ಕೆ ತಾಗಿದರೆ ಮುಚ್ಚಳವೇ ಕೂರುವುದಿಲ್ಲ. ಹ್ಯಾಪ್ ಜಾತಿಯವು ಆಳ ಹೆಚ್ಚು ಕೇಳುತ್ತವೆ, ಚಪ್ಪಟೆ ಪೆಟ್ಟಿಗೆಗೆ ಹಿಡಿಸದೇ ಹೋಗಬಹುದು.

ಮೇಲ್ಹಲಗೆಯ ದಪ್ಪವನ್ನೂ ನೋಡಿ. ಜಪಾನಿನ ಕೋಲು ತೆಳು ತಗಡಿಗೆಂದು ಮಾಡಿದ್ದು, ಹ್ಯಾಪ್ ದಪ್ಪ ಮರದ ಹಲಗೆಗೆಂದು ಮಾಡಿದ್ದು. ಬಡಗಿಯಿಂದ 18 ಮಿಲಿಮೀಟರ್ ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿಸಿಕೊಂಡವರು ಅದರ ಕೆಳಗೆ ಜೆ.ಎಲ್.ಎಫ್. ಹಾಗೆಯೇ ಬಿಗಿದರೆ ಮೇಲೆ ಗುಂಡು ಮಾತ್ರ ಇಣುಕುತ್ತದೆ, ಹಿಡಿಯಲು ಕಡ್ಡಿಯೇ ಇರುವುದಿಲ್ಲ. ಕೋಲು ಕೂರುವ ಜಾಗದಲ್ಲಿ ಮರವನ್ನು ಒಳಗಿನಿಂದ ಕೆತ್ತಿಸಿ ತೆಳು ಮಾಡಿಸಬೇಕು, ಇಲ್ಲವೇ ಕಡ್ಡಿಗೆ ಉದ್ದ ಕೊಡುವ ತುಂಡು ಹಾಕಬೇಕು.

ವೈರಿನ ಕೊನೆ ಹೇಗಿದೆ ನೋಡಿಕೊಳ್ಳಿ. ಐದು ವೈರಿನ ಸಾಲು ಇರುವ ಪೆಟ್ಟಿಗೆಗೆ ಐದು ವೈರಿನ ಕೋಲೇ ತಂದರೆ ಕೆಲಸ ಸುಲಭ, ಕಿತ್ತು ಸಿಕ್ಕಿಸಿದರೆ ಮುಗಿಯಿತು. ಬಿಡಿ ಸ್ವಿಚ್ಚಿನ ಕೋಲಾದರೆ ತಗಡಿನ ಪುಟ್ಟ ಕೊಂಡಿಗಳಿರುತ್ತವೆ. ಅವುಗಳ ಅಗಲ ಸಾಮಾನ್ಯವಾಗಿ 4.8 ಮಿಲಿಮೀಟರ್, ಕೆಲವಲ್ಲಿ 2.8. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ನಿಲ್ಲುವುದಿಲ್ಲ.

ಎಲ್ಲಿ ಸಿಗುತ್ತದೆ? ಬೆಂಗಳೂರಿಗೆ ಹೋಗುವವರಿದ್ದರೆ ಸಾದರ ಪತ್ರಪ್ಪ ರಸ್ತೆ, ಎಸ್.ಪಿ. ರೋಡ್ ಅಂತ ಎಲ್ಲರೂ ಹೇಳುವುದು, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಸಂತೆಯೇ ಅದು. ಅಗ್ಗದ ಕೋಲು, ಮೈಕ್ರೋಸ್ವಿಚ್, ವೈರು, ಕೊಂಡಿ ಇಂಥವನ್ನು ಅಂಗಡಿ ಅಂಗಡಿ ವಿಚಾರಿಸಬಹುದು. ಜಪಾನಿನವನ್ನು ಆನ್‌ಲೈನಿನಲ್ಲೇ ತರಿಸಬೇಕಾದೀತು. ಹೊರದೇಶದಿಂದ ನೇರ ತರಿಸಿದರೆ ಸಾಗಣೆ ಖರ್ಚು, ಸುಂಕ ಸೇರಿ ಕೋಲಿನ ಬೆಲೆಯನ್ನೂ ಮೀರಿಸುವುದುಂಟು. ಮೊದಲೇ ಕೂಡಿ ನೋಡಿ.

ಕೂರಿಸುವಾಗ

ಮೊದಲ ಕೆಲಸ ಪ್ಲಗ್ಗು ಕೀಳುವುದು. ಚಿಕ್ಕ ಪೆಟ್ಟಿಗೆಗಳಿಗೆ ಮೊಬೈಲ್ ಚಾರ್ಜರಿನಂತೆ ಅಲ್ಪ ವೋಲ್ಟೇಜು ಹೋಗುತ್ತದೆ. ದೊಡ್ಡ ಯಂತ್ರಗಳಲ್ಲಿ ಮಾತ್ರ 230 ವೋಲ್ಟಿನ ಕರೆಂಟು ಒಳಗಿನವರೆಗೂ ಬಂದಿರುತ್ತದೆ. ಹಳೆಯ ಗಾಜಿನ ಟೀವಿ ಇರುವ ಪಾರ್ಲರ್ ಯಂತ್ರವನ್ನು ನಾವು ಬಿಚ್ಚಲೇಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ಷಾಕ್ ಉಳಿದಿರುತ್ತದೆ.

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ಬಣ್ಣ ಎಲ್ಲಿತ್ತೆಂದು ಆಮೇಲೆ ಜಗಳ ಬೇಡ. ಮೇಲಿನ ಗುಂಡನ್ನು ಅಪ್ರದಕ್ಷಿಣೆಯಾಗಿ ತಿರುಗಿಸಿ ತೆಗೆದರೆ ಕೋಲು ಕೆಳಗಿನಿಂದ ಹೊರಬರುತ್ತದೆ. ಸ್ಪ್ರಿಂಗೋ ಗೇಟೋ ಬದಲಿಸಲು ಕೋಲನ್ನೇ ಬಿಡಿಸುವುದಾದರೆ, ಕಡ್ಡಿಯ ಕೆಳತುದಿಯಲ್ಲಿ ಇಂಗ್ಲಿಷಿನ 'ಇ' ಅಕ್ಷರದ ಆಕಾರದ ಒಂದು ಉಕ್ಕಿನ ಕ್ಲಿಪ್ಪಿರುತ್ತದೆ. ಸ್ಕ್ರೂ ಡ್ರೈವರಿನಲ್ಲಿ ಮೀಟಿದೊಡನೆ ಅದು ಸಾಸಿವೆಯ ಹಾಗೆ ಸಿಡಿದು ಮಂಚದ ಕೆಳಗೋ ಎಲ್ಲಿಗೋ ಹೋಗುತ್ತದೆ. ಕೋಲನ್ನೂ ಕೈಯನ್ನೂ ಒಂದು ದೊಡ್ಡ ಪ್ಲಾಸ್ಟಿಕ್ ಚೀಲದೊಳಗಿಟ್ಟುಕೊಂಡು ಮೀಟಿದರೆ ಕ್ಲಿಪ್ಪು ಚೀಲದಲ್ಲೇ ಉಳಿಯುತ್ತದೆ. ಭಾಗಗಳನ್ನು ಬಂದ ಕ್ರಮದಲ್ಲೇ ಸಾಲಾಗಿ ಒಂದು ತಟ್ಟೆಯಲ್ಲಿ ಇಡಿ.

ಬಿಡಿ ಸ್ವಿಚ್ಚಿಗೆ ಮೂರು ಕಾಲುಗಳಿರುತ್ತವೆ. ವೈರು ಕೊಡಬೇಕಾದದ್ದು 'ಕಾಮನ್' ಮತ್ತು 'ನಾರ್ಮಲಿ ಓಪನ್' ಎಂಬ ಎರಡಕ್ಕೆ. ಮೂರನೆಯದಕ್ಕೆ ಕೊಟ್ಟರೆ ಮುಟ್ಟದೆಯೇ ಬೊಂಬೆ ಓಡತೊಡಗುತ್ತದೆ. ಎಲ್ಲ ಜೋಡಿಸಿದ ಮೇಲೆ ಮೇಲೆಂದರೆ ಕೆಳಗೆ, ಎಡವೆಂದರೆ ಬಲಕ್ಕೆ ಹೋದರೆ ಗಾಬರಿ ಬೇಡ. ಕೋಲನ್ನು ಅರ್ಧ ಸುತ್ತು ತಿರುಗಿಸಿ ಬಿಗಿದರೆ ಎರಡೂ ಸರಿಯಾಗುತ್ತವೆ. ಮುಚ್ಚಳ ಹಾಕುವ ಮೊದಲೇ ಒಂದು ಆಟ ಆಡಿ ನೋಡಿ.

ಎಣ್ಣೆಯ ವಿಚಾರ ಹೇಳದಿದ್ದರೆ ಈ ಲೇಖನ ಬರೆದೂ ವ್ಯರ್ಥ. ಕೋಲು ಕಿರ್ರ್ ಅಂದ ಕೂಡಲೇ ಎಣ್ಣೆ ಬಿಡುವ ಅಭ್ಯಾಸ ನಮ್ಮೆಲ್ಲರಿಗೂ ಉಂಟು. ನಮ್ಮ ತಿಪಟೂರಿನ ಸೀಮೆಯಲ್ಲಂತೂ ತಲೆಗೂ ಕೊಬ್ಬರಿ ಎಣ್ಣೆ, ಬಾಗಿಲ ಕೀಲಿಗೂ ಕೊಬ್ಬರಿ ಎಣ್ಣೆ! ಇಲ್ಲಿ ಬೇಡ. ಅದು ಧೂಳನ್ನು ಹಿಡಿದು ಅಂಟಾಗುತ್ತದೆ, ಮಾಗಿಯ ಚಳಿಗೆ ಗಟ್ಟಿಯಾಗಿ ಕೋಲು ತಿರುಗುವುದೇ ಇಲ್ಲ. ಹೊಲಿಗೆ ಯಂತ್ರದ ಎಣ್ಣೆ ತೆಳು, ಹರಿದು ಸ್ವಿಚ್ಚಿನೊಳಗೆ ಇಳಿಯುತ್ತದೆ. ಸಿಲಿಕೋನ್ ಗ್ರೀಸ್ ಎಂದು ಕೇಳಿ ತನ್ನಿ. ಕಡ್ಡಿ ತಿರುಗುವ ಗುಣಿಗೆ ಹೆಸರುಕಾಳಿನಷ್ಟು ಸವರಿದರೆ ಬಹಳ ಕಾಲ ಬರುತ್ತದೆ. ಸ್ವಿಚ್ಚಿಗೆ ಏನನ್ನೂ ಹಾಕಬೇಡಿ.

ಬಿಚ್ಚಿದ ಹಳೆಯ ಕೋಲನ್ನು ಗುಜರಿಗೆ ಹಾಕಬೇಡಿ. ಒಂದು ಸ್ವಿಚ್ಚು ಸತ್ತಿದ್ದರೆ ಇನ್ನು ಮೂರು ಬದುಕಿರುತ್ತವೆ. ಗುಂಡು, ಸ್ಪ್ರಿಂಗು, ಆ ಸಿಡಿಯುವ ಕ್ಲಿಪ್ಪು, ನಾಲ್ಕು ಸ್ಕ್ರೂ, ಎಲ್ಲವನ್ನೂ ಒಂದು ಖಾಲಿ ಬೋರ್ನ್‌ವೀಟಾ ಡಬ್ಬಿಗೆ ಹಾಕಿ, ಮೇಲೆ ಚೀಟಿ ಅಂಟಿಸಿ, ಸೂಜಿದಾರದ ಡಬ್ಬಿಯ ಪಕ್ಕ ಇಡಿ.